ಓಡುವ ಬೆಳಕು, ಮಾತಾಡುವ ಡ್ಯಾಶ್‌ಬೋರ್ಡ್: ಕಾರಿಗೆ ಯಾವುದು ಸರಿ?

ಕಾರಿನ ಮೂತಿಯಲ್ಲಿ ಅತ್ತಿಂದಿತ್ತ ಓಡುವ ಕೆಂಪು ಬೆಳಕು. ಮಾತಿಗೆ ತಕ್ಕಂತೆ ಏರಿಳಿಯುವ ದೀಪದ ಕಂಬಗಳು. ಕೀ ತಿರುಗಿಸಿದರೆ "ಎಲ್ಲಾ ಸಿದ್ಧ" ಅನ್ನುವ ದನಿ. ಇವೆಲ್ಲ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸಗಳು. ಆದರೆ ಒಂದೊಂದಕ್ಕೂ ಎರಡು ಮೂರು ದಾರಿಗಳಿವೆ. ಟೇಬಲ್ ಮೇಲೆ ಗೆದ್ದದ್ದು ಕಾರಿನಲ್ಲೂ ಗೆಲ್ಲುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ಒಂದೇ ಕಾರಿನಲ್ಲಿ ಒಂದನ್ನು ಬಿಚ್ಚಿ ಇನ್ನೊಂದನ್ನು ಕೂರಿಸಿ ನೋಡಿದ್ದೇನೆ. ನಾನು ನೋಡುವುದು ಒಂದೇ: ಕಾರಿಗೆ ದೀಪ ಹಾಕಿದ್ದಾರೆ ಅಂತ ಅನ್ನಿಸಬಾರದು, ಕಾರಿಗೆ ಜೀವ ಬಂದಿದೆ ಅಂತ ಅನ್ನಿಸಬೇಕು. ದೀಪ ಎಷ್ಟಿವೆ ಅನ್ನುವುದಕ್ಕಿಂತ ಅವು ಯಾವಾಗ ಹತ್ತುತ್ತವೆ, ಹೇಗೆ ಆರುತ್ತವೆ ಅನ್ನುವುದರ ಮೇಲೆಯೇ ಅದು ನಿಂತಿದೆ.

ಓಡುವ ಕೆಂಪು ಬೆಳಕು

ಮೊದಲು ಹಳೆಯ ದಾರಿ. ತಾಳ ಹಾಕಿದ ಹಾಗೆ ಬಡಿಯುವ ಒಂದು 555 ಟೈಮರ್ ಚಿಪ್, ಆ ಬಡಿತ ಎಣಿಸುವ ಒಂದು ಸಿಡಿ4017 ಕೌಂಟರ್ ಚಿಪ್. 4017ಕ್ಕೆ ಹತ್ತು ಔಟ್‌ಪುಟ್. ಟೈಮರ್ ಬಡಿದಂತೆಲ್ಲ ಒಂದಾದ ಮೇಲೆ ಒಂದು ಹತ್ತುತ್ತದೆ. ಬೆಳಕು ಹೋಗಿ ವಾಪಸ್ ಬರಬೇಕಾದರೆ ಆರು ದೀಪ ಸಾಕು. ಒಂದರಿಂದ ಆರರವರೆಗೆ ಹೋಗಿ, ಐದು, ನಾಲ್ಕು, ಮೂರು, ಎರಡು ಅಂತ ಹಿಂದಿರುಗಿದರೆ ಸರಿಯಾಗಿ ಹತ್ತು ಹೆಜ್ಜೆ. ನಡುವಿನ ನಾಲ್ಕು ದೀಪಗಳಿಗೆ ಎರಡೆರಡು ಔಟ್‌ಪುಟ್ ಸೇರುತ್ತವೆ, ಒಂದರ ಕರೆಂಟ್ ಇನ್ನೊಂದಕ್ಕೆ ಹಿಂದಿರುಗದಂತೆ ತಡೆಯಲು ಎಂಟು ಡಯೋಡ್ ಬೇಕು. ಪ್ರೋಗ್ರಾಂ ಬರೆಯುವ ಕೆಲಸವೇ ಇಲ್ಲ. 4017 ಚಿಪ್ 15 ವೋಲ್ಟ್‌ವರೆಗೂ ಆರಾಮಾಗಿ ಕೆಲಸ ಮಾಡುತ್ತದೆ, ಹಾಗಾಗಿ ಕಾರಿನ ವೋಲ್ಟೇಜ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಇದಕ್ಕೆ ಎಲ್‌ಇಡಿ ಹಾಕಿದರೆ ಒಂದು ಕೊರತೆ ಕಾಣುತ್ತದೆ. ಬೆಳಕು ಓಡುವುದಿಲ್ಲ, ಜಿಗಿಯುತ್ತದೆ. ಎಲ್‌ಇಡಿ ತಕ್ಷಣ ಹತ್ತಿ ತಕ್ಷಣ ಆರುತ್ತದೆ, ಹಿಂದೆ ಬಾಲ ಉಳಿಯುವುದಿಲ್ಲ. ಈ ಬಾಲ ಇದ್ದರೆ ಮಾತ್ರ ಕಣ್ಣು ಅದನ್ನು ಓಟ ಅಂತ ನಂಬುತ್ತದೆ. ಹಾಗಾಗಿ ಅದೇ ಸರ್ಕ್ಯೂಟ್‌ಗೆ ಹೆಚ್ಚು ಕರೆಂಟ್ ಹಾಯಿಸುವ ಸ್ವಿಚ್ಚಿನಂಥ ಮಾಸ್‌ಫೆಟ್ ಸೇರಿಸಿ, ಹಳೇ ಕಾಲದ 12 ವೋಲ್ಟ್, 5 ವ್ಯಾಟ್ ಬಲ್ಬ್‌ಗಳನ್ನು ಕೂರಿಸಿ ನೋಡಿದೆ. ನಿಧಾನಕ್ಕೆ ಓಡಿಸಿದಾಗ ನೋಡಬೇಕು ಅದರ ಅಂದ! ತಂತಿ ತಣ್ಣಗಾಗಲು ಹೊತ್ತು ಹಿಡಿಯುತ್ತದಲ್ಲ, ಆ ಹೊತ್ತೇ ಬಾಲವಾಗುತ್ತದೆ. ಕೆಂಪು ಗಾಜಿನ ಹಿಂದೆ ಬೆಳಕು ಉರಿದು, ಕಂದಿ, ಕತ್ತಲಾಗುವುದನ್ನು ಯಾವ ಪ್ರೋಗ್ರಾಮೂ ಅಷ್ಟು ಸಹಜವಾಗಿ ತೋರಿಸಿಲ್ಲ. ಆದರೆ ವೇಗ ಹೆಚ್ಚಿಸಿದರೆ ತಂತಿ ಪೂರ್ತಿ ಕಾಯುವ ಮೊದಲೇ ಬೆಳಕು ಮುಂದಿನ ಬಲ್ಬ್‌ಗೆ ಹೋಗಿರುತ್ತದೆ, ಎಲ್ಲವೂ ಮಂಕಾಗುತ್ತದೆ. ಶಾಖವೂ ಜಾಸ್ತಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಲ್ಬ್ ಇಡಲು ನನಗೆ ಧೈರ್ಯವಿಲ್ಲ.

ಮೂರನೆಯದು ಈಗಿನ ದಾರಿ: ಒಂದೊಂದು ದೀಪವನ್ನೂ ಬೇರೆ ಬೇರೆಯಾಗಿ ಹೇಳಿ ಹತ್ತಿಸಬಹುದಾದ ಡಬ್ಲ್ಯುಎಸ್2812ಬಿ ಸ್ಟ್ರಿಪ್. ಮೀಟರಿಗೆ 60 ದೀಪದ ಪಟ್ಟಿ, ಹಿಂದೆ ಒಂದು ಆರ್ಡ್ವಿನೋ ನ್ಯಾನೋ, ಅಂದರೆ ನಾವು ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಬೋರ್ಡ್. ಇಲ್ಲಿ ಬಾಲವನ್ನು ನಾವೇ ಬರೆಯಬೇಕು. ಪ್ರತಿ ಸಲವೂ ಹಿಂದಿನ ಹೊಳಪಿನ ಒಂದು ಪಾಲನ್ನು ಕಳೆಯುತ್ತಾ ಹೋದರೆ ಬಾಲ ಬರುತ್ತದೆ. ಓಡುವ ಚುಕ್ಕೆ ಎರಡು ದೀಪಗಳ ನಡುವೆ ಇದ್ದಾಗ ಹೊಳಪನ್ನು ಎರಡಕ್ಕೂ ಹಂಚಿದರೆ ಜಿಗಿತವೂ ಮಾಯ. ಮುಂದೆ ಹಾಲಿನ ಬಣ್ಣದ ಅಕ್ರಿಲಿಕ್ ಹಾಳೆ ಬೇಕೇ ಬೇಕು. ದೀಪಗಳ ನಡುವೆ ಎಷ್ಟು ಅಂತರ ಇದೆಯೋ, ಕಡಿಮೆ ಅಂದ್ರೂ ಅಷ್ಟು ದೂರದಲ್ಲಿ ಆ ಹಾಳೆ ಇರಲಿ. 60ರ ಸ್ಟ್ರಿಪ್‌ಗೆ ಅದು ಸುಮಾರು 17 ಮಿಲಿಮೀಟರ್. ಹತ್ತಿರ ಇಟ್ಟರೆ ಚುಕ್ಕೆ ಚುಕ್ಕೆ ಕಾಣುತ್ತದೆ, ಮಾಯೆ ಅಲ್ಲೇ ಮುಗಿಯಿತು.

ಒಂದು ದೀಪ ಬೆಳ್ಳಗೆ ಪೂರ್ತಿ ಉರಿದರೆ 60 ಮಿಲಿಆಂಪ್ ಎಳೆಯುತ್ತದೆ, 60 ದೀಪಕ್ಕೆ 3.6 ಆಂಪ್ ಅಂತ ಲೆಕ್ಕ ಹಾಕಿ ಕೆಲವರು ಹೆದರುತ್ತಾರೆ. ನಮ್ಮದು ಬರೀ ಕೆಂಪು, ಬಾಲ ಸೇರಿ ಎಂಟು ದೀಪ ಹತ್ತಿರಬಹುದು ಅಷ್ಟೇ. ಕೆಂಪೊಂದಕ್ಕೆ 20 ಮಿಲಿಆಂಪ್ ಹಿಡಿದರೂ ಓಡುವ ಬೆಳಕಿಗೆ 0.16 ಆಂಪ್ ದಾಟುವುದಿಲ್ಲ. ನಿಜವಾಗಿ ಗಮನಿಸಬೇಕಾದ್ದು ಬೇರೆ. ಈ ದೀಪಗಳು ಆರಿದ್ದಾಗಲೂ ಒಳಗಿನ ಚಿಪ್ ತಲಾ ಸುಮಾರು 1 ಮಿಲಿಆಂಪ್ ಕುಡಿಯುತ್ತಲೇ ಇರುತ್ತದೆ. ಬ್ಯಾಟರಿಗೆ ನೇರ ಕೊಟ್ಟು ಕಾರು ನಿಲ್ಲಿಸಿ ಊರಿಗೆ ಹೋದರೆ ವಾಪಸ್ ಬರುವಷ್ಟರಲ್ಲಿ ಬ್ಯಾಟರಿ ಸೊರಗಿರುತ್ತದೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದಲೇ ತೆಗೆದುಕೊಳ್ಳಿ.

ಇದರ ಪ್ರತಿಸ್ಪರ್ಧಿ ಎಪಿಎ102 ಎಂಬ ಇನ್ನೊಂದು ಬಗೆಯ ಸ್ಟ್ರಿಪ್. ಇದರಲ್ಲಿ ಡೇಟಾ ಜೊತೆ ಕ್ಲಾಕ್‌ಗೂ ಒಂದು ವೈರ್ ಇರುತ್ತದೆ. ಇದರ ಮಿನುಗುವಿಕೆ ಸೆಕೆಂಡಿಗೆ 20,000ದ ಆಸುಪಾಸು. 2812ಬಿ ಅದಕ್ಕಿಂತ ಎಷ್ಟೋ ನಿಧಾನ, ವಿಡಿಯೋ ತೆಗೆದರೆ ಕೆಲವೊಮ್ಮೆ ಪಟ್ಟೆ ಪಟ್ಟೆ ಬರುತ್ತದೆ. ಬಾಲದ ತುದಿಯಲ್ಲಿ ಬೆಳಕು ತೀರಾ ಕಡಿಮೆಯಾದಾಗ 2812ಬಿ ಮೆಟ್ಟಿಲು ಮೆಟ್ಟಿಲಾಗಿ ಆರುವುದು ಕತ್ತಲಲ್ಲಿ ಕಾಣುತ್ತದೆ. ಎಪಿಎ102ರಲ್ಲಿ ಹೊಳಪಿಗೆಂದೇ ಇನ್ನೊಂದು ಹಿಡಿತ ಇರುವುದರಿಂದ ಅದು ನಯವಾಗಿ ಆರುತ್ತದೆ. ಕಾರಿನೊಳಗೆ, ಕಣ್ಣಿಗೆ ಹತ್ತಿರ ಇಡುವುದಾದರೆ ನನ್ನ ಆಯ್ಕೆ ಎಪಿಎ102. ದೂರದಿಂದ ನೋಡುವುದಕ್ಕೆ 2812ಬಿ ಧಾರಾಳ ಸಾಕು.

12 ವೋಲ್ಟಿನ ಡಬ್ಲ್ಯುಎಸ್2815 ಸ್ಟ್ರಿಪ್ ಕೂಡ ಇದೆ. ಒಂದು ದೀಪ ಸತ್ತರೆ 2812ಬಿಯಲ್ಲಿ ಅದರ ಮುಂದಿನದೆಲ್ಲ ಕತ್ತಲು. 2815ರಲ್ಲಿ ಬದಲಿ ಡೇಟಾ ವೈರ್ ಇರುವುದರಿಂದ ಉಳಿದವು ಬದುಕುತ್ತವೆ. ಕಾರಿನ ಅಲುಗಾಟಕ್ಕೆ ಇದು ದೊಡ್ಡ ಗುಣ. ಆದರೆ ಕಾರಿನದು 12 ವೋಲ್ಟ್ ಅನ್ನುವುದು ಬರೀ ಹೆಸರಿಗೆ. ಇಂಜಿನ್ ಓಡುವಾಗ 14 ದಾಟುತ್ತದೆ, ಹಾಗಾಗಿ ಇದಕ್ಕೂ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ತಪ್ಪದು.

ಒಂದು ಮಾತು ಮೊದಲೇ ಹೇಳಬೇಕು. ಬಹಳ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 48ನೇ ವಾಹನ ನಿಯಮದ ಪ್ರಕಾರ ಕಾರಿನ ಮುಂದಕ್ಕೆ ಕೆಂಪು ಬೆಳಕು ಕಾಣಬಾರದು. ಹಾಗಾಗಿ ಮೂತಿಯ ಬೆಳಕನ್ನು ಕಾರು ನಿಂತಾಗ, ಪ್ರದರ್ಶನದಲ್ಲಿ ಮಾತ್ರ ಹತ್ತಿಸುತ್ತೇನೆ. ಕಾರು ಚಲಿಸಿದ ಕೂಡಲೇ ಅದು ತಾನಾಗಿ ಆರುವ ಹಾಗೆ ಪ್ರೋಗ್ರಾಂನಲ್ಲೇ ಕಟ್ಟಿ ಹಾಕಿದ್ದೇನೆ.

ದನಿ, ಮತ್ತು ದನಿಗೆ ಕುಣಿಯುವ ದೀಪ

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಎರಡು ದಾರಿ ನೋಡಿದೆ.

ಒಂದು ಡಿಎಫ್‌ಪ್ಲೇಯರ್ ಮಿನಿ. ಬೆರಳಿನಷ್ಟು ಮಾಡ್ಯೂಲ್, ಅದರಲ್ಲೇ ಮೆಮೊರಿ ಕಾರ್ಡ್, ಅದರಲ್ಲೇ ಚಿಕ್ಕ ಆಂಪ್ಲಿಫೈಯರ್. ರೆಕಾರ್ಡ್ ಮಾಡಿದ ಎಂಪಿ3 ಫೈಲುಗಳನ್ನು ಕಾರ್ಡಿಗೆ ಹಾಕಿ, "ಮೂರನೆಯದು ಹೇಳು" ಅಂತ ಸೀರಿಯಲ್ ವೈರಿನಲ್ಲಿ ಆಜ್ಞೆ ಕೊಟ್ಟರೆ ಆಯ್ತು. ಒಂದೇ ಸಂಜೆಯಲ್ಲಿ ಕಾರು ಮಾತಾಡುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ಇನ್ನೊಂದು, ಆರ್ಡ್ವಿನೋಗಿಂತ ಚುರುಕಾದ ಇಎಸ್‌ಪಿ32 ಬೋರ್ಡಿನ ಜೊತೆ ಮ್ಯಾಕ್ಸ್98357ಎ ಎಂಬ ಪುಟ್ಟ ಡಿಜಿಟಲ್ ಆಂಪ್ಲಿಫೈಯರ್. ಇಲ್ಲಿ ದನಿ ಫೈಲನ್ನು ನಾವೇ ಓದಿ, ಅಂಕಿ ಅಂಕಿಯಾಗಿ ಆಂಪ್ಲಿಫೈಯರ್‌ಗೆ ಕಳಿಸಬೇಕು. ಕೆಲಸ ಜಾಸ್ತಿ. ಆದರೆ ಸ್ವಿಚ್ ಒತ್ತಿ ನೋಡಿ, ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಡಿಎಫ್‌ಪ್ಲೇಯರ್ ಆಜ್ಞೆ ಕೇಳಿ, ಕಾರ್ಡಿನಲ್ಲಿ ಫೈಲ್ ಹುಡುಕಿ, ಬಾಯಿ ತೆರೆಯುವಷ್ಟರಲ್ಲಿ ಸಣ್ಣದೊಂದು ತಡ. ಅದು ಕಿವಿಗೆ ಗೊತ್ತಾಗುವಷ್ಟಿದೆ. ಸ್ವಾಗತದ ಮಾತಿಗೆ ಪರವಾಗಿಲ್ಲ. ಸ್ವಿಚ್ಚಿನ "ಟಕ್" ಸದ್ದಿಗೆ ಆ ತಡ ಇದ್ದರೆ ಇಡೀ ಕಾರೇ ನಿಧಾನ ಅನ್ನಿಸುತ್ತದೆ. ಇಎಸ್‌ಪಿ32ರಲ್ಲಿ ದನಿ ಬೆರಳಿನ ಜೊತೆಗೇ ಬರುತ್ತದೆ.

ಕುಣಿಯುವ ದೀಪದ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಮೂರು ಕಂಬಗಳು, ನಡುವಿನದು ಎತ್ತರ, ಮಾತು ಜೋರಾದಾಗ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಬೆಳಕು ಹರಡಬೇಕು. ಡಿಎಫ್‌ಪ್ಲೇಯರಿನ ಬ್ಯುಸಿ (BUSY) ಪಿನ್ ಹೇಳುವುದು ಒಂದೇ: ಈಗ ಹಾಡುತ್ತಿದ್ದೇನೆ, ಅಥವಾ ಇಲ್ಲ. ದನಿ ಎಷ್ಟು ಜೋರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕಾಗಿ ಔಟ್‌ಪುಟ್‌ನಿಂದ ಇನ್ನೊಂದು ವೈರ್ ಎಳೆದು, ಡಯೋಡ್ ಮತ್ತು ಕೆಪಾಸಿಟರ್ ಹಾಕಿ, ಮತ್ತೆ ಅಳೆಯಬೇಕು. ಆಗ ಕೆಪಾಸಿಟರ್ ಚಿಕ್ಕದಾದರೆ ದೀಪ ನಡುಗುತ್ತದೆ, ದೊಡ್ಡದಾದರೆ ಮಾತಿಗಿಂತ ಹಿಂದೆ ಬೀಳುತ್ತದೆ. ಇಎಸ್‌ಪಿ32ರಲ್ಲಿ ದನಿಯ ಅಂಕಿಗಳು ಸ್ಪೀಕರಿಗೆ ಹೋಗುವ ಮುಂಚೆಯೇ ನಮ್ಮ ಕೈಯಲ್ಲಿರುತ್ತವೆ. ಆ ತುಂಡಿನ ಏರಿಳಿತ ಲೆಕ್ಕ ಹಾಕಿ, ದೀಪಕ್ಕೂ ಸ್ಪೀಕರಿಗೂ ಒಟ್ಟಿಗೇ ಕಳಿಸಬಹುದು. "ಪ" ಅಂದಾಗ ಕಂಬ ಥಟ್ಟನೆ ಏಳುತ್ತದೆ, "ಸ" ಅಂದಾಗ ಸಣ್ಣಗೆ ನಿಲ್ಲುತ್ತದೆ. ಪಕ್ಕದಲ್ಲಿ ಕೂತವರು ದೀಪದ ಕಡೆ ತಿರುಗಿ ಉತ್ತರ ಕೊಡಲು ಶುರು ಮಾಡುತ್ತಾರೆ!

ಜಾಗದ ಲೆಕ್ಕ ಇಷ್ಟು: ಸೆಕೆಂಡಿಗೆ 22,050 ಅಂಕಿ, ತಲಾ 16 ಬಿಟ್, ಒಂದೇ ಚಾನೆಲ್ ಅಂದರೆ ಸೆಕೆಂಡಿಗೆ 44,100 ಬೈಟ್. ಬೋರ್ಡಿನೊಳಗೆ ಒಂದೂವರೆ ಎಂಬಿ ಜಾಗ ಬಿಟ್ಟರೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮಾತು ಹಿಡಿಯುತ್ತದೆ. ಹತ್ತು ಹನ್ನೆರಡು ಚುಟುಕು ವಾಕ್ಯಗಳಿಗೆ ಸಾಕು. ರಸ್ತೆಯ ಗುಂಡಿಯಲ್ಲಿ ಕುಲುಕಿ ಸಡಿಲವಾಗುವ ಮೆಮೊರಿ ಕಾರ್ಡಿನ ತಂಟೆಯೂ ಇಲ್ಲ. ಸ್ಟ್ರಿಪ್ ಜೊತೆ ಸೇರಿಸುವಾಗ ಒಂದು ನೆನಪಿರಲಿ. ಇಎಸ್‌ಪಿ32 ಕೊಡುವ ಸಿಗ್ನಲ್ 3.3 ವೋಲ್ಟ್. 5 ವೋಲ್ಟಿನಲ್ಲಿ ನಡೆಯುವ 2812ಬಿ ಕೇಳುವುದು ಕನಿಷ್ಠ 3.5. ನಡುವೆ ಸಿಗ್ನಲ್ಲನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿದರೆ ದೀಪಗಳು ಹುಚ್ಚುಹುಚ್ಚಾಗಿ ಮಿನುಗುವುದಿಲ್ಲ.

ಇನ್ನು ಸ್ಪೀಕರ್. ಕಾರಿನ ಸ್ಟೀರಿಯೋದಲ್ಲಿ ಈ ದನಿಯನ್ನು ಬೆರೆಸುವುದೋ, ಬೇರೆ ಸ್ಪೀಕರ್ ಇಡುವುದೋ? ಸ್ಟೀರಿಯೋದಲ್ಲಿ ದನಿ ತುಂಬಿ ಬರುತ್ತದೆ ನಿಜ, ಆದರೆ ನಾಲ್ಕೂ ಬಾಗಿಲಿನಿಂದ ಬರುತ್ತದೆ. ಯಾರು ಮಾತಾಡಿದರು ಅಂತ ಕಣ್ಣು ಹುಡುಕುತ್ತದೆ. ಡ್ಯಾಶ್‌ಬೋರ್ಡಿನಲ್ಲಿ, ದೀಪದ ಕಂಬಗಳ ಹಿಂದೆಯೇ ಮೂರು ಇಂಚಿನ ಒಂದು ಸ್ಪೀಕರ್ ಇಟ್ಟರೆ ಮಾತಿಗೆ ಒಂದು ಬಾಯಿ ಸಿಗುತ್ತದೆ. ನಾನು ಕಣ್ಣು ಮುಚ್ಚಿ ಎರಡನೆಯದನ್ನೇ ಆರಿಸುತ್ತೇನೆ.

98357ರ 3 ವ್ಯಾಟ್ ನಿಂತ ಕಾರಿಗೆ ಚೆನ್ನ. ಹೆದ್ದಾರಿಯಲ್ಲಿ ಗಾಳಿ, ಟೈರಿನ ಸದ್ದಿನ ನಡುವೆ ಅದು ಮುಳುಗಿ ಹೋಗುತ್ತದೆ. ಅಲ್ಲಿಗೆ ಟಿಪಿಎ3116 ಆಂಪ್ಲಿಫೈಯರ್, ಇಲ್ಲವೇ ಕಾರಿಗೆಂದೇ ಮಾಡಿದ ಟಿಡಿಎ7388. 3116 ಕ್ಲಾಸ್ ಡಿ, ಹಾಗಾಗಿ ಬಿಸಿಯಾಗುವುದು ಕಡಿಮೆ, ಬೋರ್ಡ್ ಚಿಕ್ಕದು. 7388 ಕ್ಲಾಸ್ ಎಬಿ, ದೊಡ್ಡ ಹೀಟ್‌ಸಿಂಕ್ ಕೇಳುತ್ತದೆ. ಆದರೆ ಕಾರಿನ ವೋಲ್ಟೇಜ್ ಹಠಾತ್ತನೆ ಏರಿದರೂ ತಡೆದುಕೊಳ್ಳುವ ಗುಣ ಅದರ ಹುಟ್ಟಿನಲ್ಲೇ ಇದೆ. ಸಂಗೀತಕ್ಕೆ ನಾನು 7388 ಉಳಿಸಿಕೊಂಡೆ. ಬರೀ ಮಾತಿಗೆ 3116 ಸಾಕು.

ಈ ದೊಡ್ಡ ಆಂಪ್ಲಿಫೈಯರ್‌ಗಳ ಜೊತೆ ಬರುವ ಕಾಟವೆಂದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ "ಕುಂಯ್" ಸದ್ದು. ಅದು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಇನ್‌ಪುಟ್ ವೈರ್ ಕಿತ್ತು, ಆಂಪ್ಲಿಫೈಯರಿನ ಇನ್‌ಪುಟ್ಟಿನ ಸಿಗ್ನಲ್ ಪಿನ್ನನ್ನೂ ಗ್ರೌಂಡ್ ಪಿನ್ನನ್ನೂ ಸೇರಿಸಿ ನೋಡಿ. ಸದ್ದು ನಿಂತರೆ ಅದು ಬರುತ್ತಿರುವುದು ಸಿಗ್ನಲ್ ವೈರಿನಲ್ಲಿ. ನಿಲ್ಲದಿದ್ದರೆ ಕರೆಂಟಿನಲ್ಲಿ. ಸಿಗ್ನಲ್ಲಿನಲ್ಲಾದರೆ ಎಲ್ಲ ಗ್ರೌಂಡ್ ವೈರುಗಳನ್ನೂ ಒಂದೇ ಬೋಲ್ಟಿಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಬಹುದು, ಆದರೆ ಅದು ಬಾಸ್ ತಿನ್ನುತ್ತದೆ. ಮಾತಿಗೆ ಅಡ್ಡಿಯಿಲ್ಲ, ಸಂಗೀತಕ್ಕೆ ಬೇಡ. 98357ಕ್ಕೆ ಈ ಸಿಗ್ನಲ್ ಕಾಟ ಇಲ್ಲ. ಅದಕ್ಕೆ ಹೋಗುವುದು ಅಂಕಿಗಳು ತಾನೇ?

ಬೆಳಕಿನ ಗೆರೆಗಳು

ಡ್ಯಾಶ್‌ಬೋರ್ಡಿನ ಅಂಚಿಗೆ ಇಎಲ್ ವೈರ್, ಅಂದರೆ ಉದ್ದಕ್ಕೂ ತಾನೇ ಹೊಳೆಯುವ ತೆಳು ವೈರ್, ಕಟ್ಟಿದರೆ ಸಿಗುವ ನೋಟ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಚುಕ್ಕೆ ಇಲ್ಲ, ಮಚ್ಚೆ ಇಲ್ಲ, ಗಾಳಿಯಲ್ಲಿ ಎಳೆದ ಗೆರೆ. ಆದರೆ ಅದಕ್ಕೆ 100 ವೋಲ್ಟಿನ ಆಸುಪಾಸಿನ ಎಸಿ ಬೇಕು. ಅದನ್ನು ಮಾಡಿಕೊಡುವ ಇನ್ವರ್ಟರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ. ದಿನ ಕಳೆದಂತೆ ವೈರೂ ಮಂಕಾಗುತ್ತದೆ. ಪಕ್ಕದಿಂದ ಹೊಳೆಯುವ ಫೈಬರ್ ಸದ್ದು ಮಾಡುವುದಿಲ್ಲ, ಆದರೆ ದೀಪದ ಹತ್ತಿರ ಹೊಳೆದು ದೂರದಲ್ಲಿ ಕುಂದುತ್ತದೆ. ಎರಡೂ ತುದಿಗೆ ದೀಪ ಕೊಟ್ಟರೆ ಸುಮಾರಾಗಿ ಸಮ ಆಗುತ್ತದೆ. ದಿನವೂ ಓಡಿಸುವ ಕಾರಿಗೆ ನನ್ನ ಮತ ಫೈಬರಿಗೆ. ಬಣ್ಣ ಕೆಂಪೋ ಅಂಬರೋ ಇರಲಿ. ನೀಲಿ ನೋಡಲು ಚೆಂದ, ಆದರೆ ಕತ್ತಲಿಗೆ ಒಗ್ಗಿದ ಕಣ್ಣನ್ನು ಅದು ಬೇಗ ಕೆಡಿಸುತ್ತದೆ, ಗಾಜಿನಲ್ಲೂ ಪ್ರತಿಫಲಿಸಿ ಕಾಡುತ್ತದೆ. ಏರ್‌ಬ್ಯಾಗ್ ಇರುವ ಕಡೆ ಮಾತ್ರ ಯಾವ ಗೆರೆಯೂ, ಯಾವ ಪೆಟ್ಟಿಗೆಯೂ ಬೇಡ.

ಪೆಟ್ಟಿಗೆಗಳನ್ನು 3ಡಿ ಪ್ರಿಂಟ್ ಮಾಡುವವರಿಗೆ: ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಪಿಇಟಿಜಿ ಪ್ಲಾಸ್ಟಿಕ್ ಪರವಾಗಿಲ್ಲ. ಎಎಸ್‌ಎ ಪ್ಲಾಸ್ಟಿಕ್ ಶಾಖವನ್ನೂ ಬಿಸಿಲನ್ನೂ ತಡೆಯುತ್ತದೆ.

ಕರೆಂಟ್

14 ವೋಲ್ಟನ್ನು 5ಕ್ಕೆ ಇಳಿಸಲು 7805 ರೆಗ್ಯುಲೇಟರ್ ಚಿಪ್ ಹಾಕಿದರೆ ಒಂದು ಆಂಪಿಗೆ 9 ವ್ಯಾಟ್ ಶಾಖ ಸುಮ್ನೆ ಹೋಗುತ್ತದೆ. ಕರೆಂಟನ್ನು ಬೇಗ ಬೇಗ ಹತ್ತಿಸಿ ಆರಿಸಿ ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಕನ್ವರ್ಟರ್ ತಣ್ಣಗಿರುತ್ತದೆ. ಆದರೆ ಅದು 150 ಕಿಲೋಹರ್ಟ್ಜ್‌ನಲ್ಲಿ ಕುಟ್ಟುತ್ತದೆ, ಎಎಂ ರೇಡಿಯೋದಲ್ಲಿ ಅದರ ಗೊರಗೊರ ಕೇಳಬಹುದು. ವೈರ್ ಚಿಕ್ಕದಿಟ್ಟು, ಲೋಹದ ಡಬ್ಬಿಯಲ್ಲಿ ಮುಚ್ಚಿದರೆ ಬಹುಪಾಲು ಅಡಗುತ್ತದೆ. ನನ್ನ ಆಯ್ಕೆ ಇದೇ. ಇದಕ್ಕೂ ಮುಂಚೆ ಬ್ಯಾಟರಿಗೆ ಹತ್ತಿರದಲ್ಲೇ ಒಂದು ಫ್ಯೂಸ್, ಆಮೇಲೆ ವೋಲ್ಟೇಜ್ ಜಿಗಿತ ನುಂಗಲು ಒಂದು ಟಿವಿಎಸ್ ಡಯೋಡ್.

ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕುಸಿಯುತ್ತದೆ, ಇಎಸ್‌ಪಿ32 ಒಮ್ಮೆ ಸತ್ತು ಹುಟ್ಟುತ್ತದೆ. ಮಾತು "ಎಲ್ಲಾ ಸಿ..." ಅಂತ ತುಂಡಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದೊಡ್ಡ ಕೆಪಾಸಿಟರ್ ಹಾಕಿ ತಡೆಯುವುದು ಒಂದು ದಾರಿ. ನನಗೆ ಹಿಡಿಸಿದ್ದು ಇನ್ನೊಂದು. ಎರಡು ರೆಸಿಸ್ಟರ್‌ನಿಂದ ಕಾರಿನ ವೋಲ್ಟೇಜನ್ನು ಭಾಗಿಸಿ ಇಎಸ್‌ಪಿ32ರ ಪಿನ್ನಿಗೆ ಕೊಟ್ಟೆ. 13.2 ದಾಟಿ ಎರಡು ಸೆಕೆಂಡ್ ನಿಂತ ಮೇಲಷ್ಟೇ ಮಾತಾಡು ಅಂತ ಬರೆದೆ. ಈಗ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರು ಮಾಡಿದ ಮೇಲೆಯೇ ಕಾರು "ಎಲ್ಲಾ ಸಿದ್ಧ" ಅನ್ನುತ್ತದೆ. ಅದು ಅಲಂಕಾರದ ಮಾತಾಗಿ ಉಳಿದಿಲ್ಲ, ನಿಜವಾದ ವರದಿಯಾಗಿದೆ. ಬೆಲ್ಟ್ ಜಾರಿ ಚಾರ್ಜ್ ಆಗದ ದಿನ ಕಾರು ಮಾತಾಡುವುದೇ ಇಲ್ಲ.