ಲಂಡನ್‌ನಲ್ಲಿ ಆಯ್‌ಸ್ಟರ್ ಕಾರ್ಡಾ, ಜೇಬಿನಲ್ಲಿರುವ ಬ್ಯಾಂಕ್ ಕಾರ್ಡಾ?

ಆಯ್‌ಸ್ಟರ್ ಅಂದರೆ ಲಂಡನ್‌ನ ಬಸ್ಸು, ಟ್ಯೂಬ್ (ಮೆಟ್ರೋ ರೈಲು) ಪ್ರಯಾಣಕ್ಕೆ ಮೊದಲೇ ದುಡ್ಡು ಹಾಕಿಟ್ಟು ಬಳಸುವ ಕಾರ್ಡು. ದೊಡ್ಡವರಿಗೆ ಎರಡು ಕಾರ್ಡಿನಲ್ಲೂ ಒಂದೇ ದರ, ದಿನದ ಗರಿಷ್ಠ ಮಿತಿಯೂ (ಎಷ್ಟೇ ಓಡಾಡಿದರೂ ಆ ದಿನಕ್ಕೆ ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ) ಒಂದೇ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಇದ್ದರೆ ಆಯ್‌ಸ್ಟರ್‌ಗೆ ಸುಮ್ನೆ ದುಡ್ಡು ಹಾಕುವುದು ಯಾಕೆ? ನಿಮ್ಮ ಬ್ಯಾಂಕು ವಿದೇಶದ ಖರ್ಚಿಗೆ ಜಾಸ್ತಿ ಶುಲ್ಕ ಹಿಡಿಯುವುದಾದರೆ ಮಾತ್ರ ಲೆಕ್ಕ ತಿರುಗಬಹುದು.

ಜೊತೆಗೆ 11ರಿಂದ 15 ವರ್ಷದ ಮಕ್ಕಳಿದ್ದರೆ ಅವರಿಗೆ ಆಯ್‌ಸ್ಟರೇ ಸರಿ. ಟ್ಯೂಬ್ ಸ್ಟೇಷನ್ ಸಿಬ್ಬಂದಿಗೆ ಹೇಳಿ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಸಿದರೆ 14 ದಿನದವರೆಗೆ ಅರ್ಧ ದರ, ಬ್ಯಾಂಕ್ ಕಾರ್ಡಿನಲ್ಲಿ ಅದು ಸಿಗುವುದಿಲ್ಲ.

ಬ್ಯಾಂಕ್ ಕಾರ್ಡಿನದು ಒಂದು ಕಿರಿಕಿರಿ: ಬೆಳಗ್ಗೆ ಫೋನು, ಸಂಜೆ ಕಾರ್ಡು ಅಂತ ಬದಲಾಯಿಸಿದರೆ, ಖಾತೆ ಒಂದೇ ಆದರೂ ಮಿತಿಯನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಒಂದೇ ಕಾರ್ಡನ್ನು ಇಬ್ಬರಿಗೆ ಬಳಸುವಂತೆಯೂ ಇಲ್ಲ.

ಯಾವುದೇ ಆಗಲಿ, ಟ್ಯೂಬಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಹಳದಿ ರೀಡರ್‌ಗೆ ಮುಟ್ಟಿಸಿ. ಬಸ್ಸಲ್ಲಿ ಹತ್ತುವಾಗ ಮಾತ್ರ ಸಾಕು. ಅಲ್ಲಿ ನಗದು ತೆಗೆದುಕೊಳ್ಳುವುದಿಲ್ಲ.