ಗೃಹ ವಿಮೆ, ನಾಲ್ಕು ಮಳೆಗಾಲದ ಮೇಲೆ: ಬೂಷ್ಟು ಹಿಡಿದ ಕೋಣೆಗೆ ದುಡ್ಡು ಬಂತೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಟೆರೇಸು. 2021ರ ಜೂನಿನಲ್ಲಿ ಸಾಲಕ್ಕೆ ಹೋದಾಗ ಬ್ಯಾಂಕಿನವರು ‘ಇದಕ್ಕೂ ಒಂದು ಸಹಿ ಹಾಕಿ’ ಎಂದು ಮುಂದಿಟ್ಟ ಕಾಗದವೇ ಭಾರತ್ ಗೃಹ ರಕ್ಷಾ ಪಾಲಿಸಿ. ಆ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ಏಕರೂಪದ ಪಾಲಿಸಿ ಅದು. ಯಾವ ಕಂಪೆನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತುಗಳು ಅವೇ. ಹಾಗಾಗಿ ನನ್ನ ಕಂಪೆನಿ ಯಾವುದೆಂದು ಬರೆಯುವುದಿಲ್ಲ.

ಮೂರು ವರ್ಷ ಆ ಕಾಗದವನ್ನು ಬಿಡಿಸಿಯೂ ನೋಡಿರಲಿಲ್ಲ. 2024ರ ಜುಲೈಯಲ್ಲಿ ಮಗಳ ಬಾಳಂತನಕ್ಕೆಂದು ಒಂಬತ್ತು ದಿನ ಮಂಗಳೂರಿನಲ್ಲಿದ್ದೆವು. ವಾಪಸು ಬಂದು ಬಾಗಿಲು ತೆಗೆದರೆ ಹಳೇ ಗೋಣಿಯ ವಾಸನೆ. ಮಲಗುವ ಕೋಣೆಯ ನೆಲದಲ್ಲಿ ನೀರು, ಬಚ್ಚಲಿನ ಕಡೆಯ ಗೋಡೆ ಸೊಂಟದೆತ್ತರದವರೆಗೆ ಕಪ್ಪು. ಕಪಾಟಿನ ಹಿಂಬದಿಯ ಪ್ಲೈವುಡ್ ಉಬ್ಬಿ ಪದರ ಪದರವಾಗಿ ಎದ್ದಿತ್ತು. ಹಾಸಿಗೆಯ ಅಡಿಯಲ್ಲಿ ಬಿಳಿ ಬೂಷ್ಟು, ಮುಟ್ಟಿದರೆ ಹತ್ತಿಯ ಹಾಗೆ. ಗೋಡೆಯೊಳಗಿನ ಪೈಪಿನ ಎಲ್ಬೋ, ಅಂದರೆ ಪೈಪು ತಿರುಗುವಲ್ಲಿನ ಜೋಡಣೆ, ಒಡೆದಿತ್ತು. ಟಾಂಕಿಗೆ ಆಟೋಮ್ಯಾಟಿಕ್ ಸ್ವಿಚ್ಚು ಹಾಕಿಸಿದ್ದೆ, ನೀರು ಇಳಿದಂತೆಲ್ಲ ಪಂಪು ತಾನಾಗಿ ತುಂಬಿಸುತ್ತಲೇ ಇತ್ತು. ಜಾಣತನ ಅಂದುಕೊಂಡು ಮಾಡಿಸಿದ್ದು!

ಪಾಲಿಸಿ ಓದಿದ್ದು ಅವತ್ತು ರಾತ್ರಿ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಎಂದು ಪಟ್ಟಿ ಇದೆ. ಬೂಷ್ಟು ಎಂಬ ಮಾತೇ ಇಲ್ಲ, ಪಸೆಯೂ ಇಲ್ಲ. ಆದರೆ ನೀರಿನ ಟಾಂಕಿ, ಪೈಪು ಒಡೆದು ಅಥವಾ ಉಕ್ಕಿ ಆಗುವ ನಷ್ಟ ಇದೆ. ಇದನ್ನು ಆವತ್ತೇ ನೋಡಿದ್ದಕ್ಕೆ ನಾನು ಬಚಾವಾದೆ. ಫೋನಿನಲ್ಲಿ ‘ಗೋಡೆಗೆ ಬೂಷ್ಟು ಬಂದಿದೆ’ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ‘ಪೈಪು ಒಡೆದು ನೀರು ನುಗ್ಗಿದೆ’ ಎಂದೆ. ಅದು ಸುಳ್ಳೂ ಅಲ್ಲವಲ್ಲ.

ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದದ್ದು ವಯನಾಡಿನಲ್ಲಿ ಗುಡ್ಡ ಕುಸಿದ ವಾರ. ಟಿ.ವಿ.ಯಲ್ಲಿ ಅದನ್ನೇ ನೋಡುತ್ತ ಕೂತಿದ್ದವನಿಗೆ ನನ್ನ ಕಪಾಟಿನ ಮಾತೆತ್ತಲು ನಾಚಿಕೆಯಾಯಿತು. ಅವರು ಉತ್ತರದ ಹೊರಗೋಡೆಗೆ ಕೈಯಿಟ್ಟು, ಮಲಯಾಳದಲ್ಲಿ ‘ಇದ್ ಪಳಯ ಈರ್ಪಮಾಣ್’ ಎಂದರು. ಹಳೇ ಪಸೆ. ಆ ಗೋಡೆಯ ಮಟ್ಟಿಗೆ ಅವರು ಹೇಳಿದ್ದು ಸರಿಯೇ. ಜೂನ್ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದ ನಮ್ಮಲ್ಲಿ ಮುರಕಲ್ಲು ನೀರು ಕುಡಿಯುತ್ತದೆ, ಮೇಲೆ ಪ್ಲಾಸ್ಟಿಕ್ ಇಮಲ್ಶನ್ ಬಳಿದರೆ ಆ ನೀರು ಹೊರಗೆ ಬರಲು ದಾರಿ ಸಿಗದೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಅಜ್ಜನ ಕಾಲದ ಸುಣ್ಣದ ಗೋಡೆಗೆ ಈ ರೋಗ ಇರಲಿಲ್ಲ. ಆದರೆ ಸರ್ವೇಯರ್ ಆ ಒಂದು ಗೋಡೆಯ ಕಥೆಯನ್ನು ಇಡೀ ಕೋಣೆಗೆ ಹೊದೆಸಿಬಿಟ್ಟರು. ಮೂರು ವಾರ ಕಳೆದು ಇಂಗ್ಲಿಷಿನಲ್ಲಿ ಪತ್ರ ಬಂತು: ಬಹುಕಾಲದ ಸೋರಿಕೆ, ಪಾಲಿಸಿಗೆ ಸೇರುವುದಿಲ್ಲ.

ನಾನು ಕೇಳಿದ್ದು 1,12,000 ರೂಪಾಯಿ, ಅವರು ಕೊಟ್ಟದ್ದು ಸೊನ್ನೆ.

ಕಂಪೆನಿಯ ದೂರು ವಿಭಾಗಕ್ಕೆ ಮತ್ತೆ ಬರೆದೆ. ಈ ಸಲ ಕೈಯಲ್ಲಿ ಮೂರು ವಸ್ತು ಇದ್ದವು. ಒಂದು, ಪ್ಲಂಬರಣ್ಣ ಗೋಡೆ ಒಡೆದು ತೆಗೆದ ಎಲ್ಬೋ. ‘ಇದನ್ನು ಬಿಸಾಡಬೇಡಿ ಭಟ್ರೇ, ಬೇಕಾದೀತು’ ಎಂದು ಅವನೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ. ಬಿರುಕಿನ ಅಂಚು ಹೊಸದು, ಅದರಲ್ಲಿ ಪಾಚಿಯಿಲ್ಲ, ಕರೆಯಿಲ್ಲ. ಎರಡು, ಬಾಗಿಲು ತೆಗೆದ ಕೂಡಲೇ ಮೊಬೈಲಿನಲ್ಲಿ ತೆಗೆದ ಫೋಟೋ. ಕಲೆ ಪೈಪಿನ ಹತ್ತಿರ ದಟ್ಟವಾಗಿ, ಅಲ್ಲಿಂದ ಬೀಸಣಿಗೆಯ ಹಾಗೆ ಕೆಳಗೆ ಹರಡಿದ್ದು ಅದರಲ್ಲಿ ಸ್ಪಷ್ಟ. ಮೂರನೆಯದು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಕರೆಂಟು ಬಿಲ್ಲು. ಇದು ಹೊಳೆದದ್ದು ನನ್ನ ಹೆಂಡತಿಗೆ. ಎರಡು ತಿಂಗಳಿಗೆ 210 ಯೂನಿಟ್ ಆಸುಪಾಸು ಬರುತ್ತಿದ್ದದ್ದು, ಒಂಬತ್ತು ದಿನ ಮನೆಗೆ ಬೀಗ ಹಾಕಿದ್ದ ಆ ಬಿಲ್ಲಿನಲ್ಲಿ 340. ಪಂಪು ಓಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬಹುಕಾಲದ ಸೋರಿಕೆಯಾಗಿದ್ದರೆ ಹಿಂದಿನ ಬಿಲ್ಲುಗಳೂ ಹೀಗೇ ಏರಿರಬೇಕಿತ್ತು.

ಪತ್ರದ ಕೊನೆಗೆ, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ವಿಮೆಯ ದೂರು ವಿಚಾರಿಸುವ ಕೊಚ್ಚಿಯ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಎಂದು ಸೇರಿಸಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಡ. ಕಂಪೆನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ. ನನಗೆ ಅಲ್ಲಿಯತನಕ ಹೋಗುವ ಪ್ರಮೇಯ ಬರಲಿಲ್ಲ. ಬೇರೊಬ್ಬ ಸರ್ವೇಯರ್ ಬಂದು, ಎಲ್ಬೋವನ್ನು ಬೆಳಕಿಗೆ ಹಿಡಿದು ನೋಡಿ, ಬಿಲ್ಲಿನ ಫೋಟೋ ತೆಗೆದುಕೊಂಡು ಹೋದರು.

ಅಕ್ಟೋಬರಿನಲ್ಲಿ ಖಾತೆಗೆ 68,500 ಬಂತು. ಬಚ್ಚಲ ಕಡೆಯ ಗೋಡೆಯ ಸಾರಣೆ, ಬಣ್ಣ, ಕಪಾಟು, ಹಾಸಿಗೆ ಅದರಲ್ಲಿ ಸೇರಿವೆ. ಕಪಾಟು, ಹಾಸಿಗೆಗೂ ವಿಮೆ ಇದೆ ಎಂದು ಬ್ಯಾಂಕಿನಲ್ಲಿ ಯಾರೂ ಹೇಳಿರಲಿಲ್ಲ. ಕಟ್ಟಡದ ಮೊತ್ತದ 20 ಶೇಕಡ, ಹೆಚ್ಚೆಂದರೆ 10 ಲಕ್ಷದವರೆಗೆ ಮನೆಯೊಳಗಿನ ಸಾಮಾನಿಗೂ ಇದೇ ಪಾಲಿಸಿಯಲ್ಲಿ ರಕ್ಷಣೆ ಇದೆ. ಉತ್ತರದ ಗೋಡೆಗೆ ಬಿಡಿಕಾಸೂ ಇಲ್ಲ, ಅದಕ್ಕೆ ತಕರಾರೂ ಇಲ್ಲ. ಕಿಟಕಿ ಪಕ್ಕದ ಇನ್ನೊಂದು ಗೋಡೆಯ ದುಡ್ಡು ಹೋದದ್ದು ಮಾತ್ರ ನಮ್ಮದೇ ತಪ್ಪಿನಿಂದ. ಅತ್ತೆಯವರು ಬಂದವರೇ ವಾಸನೆ ತಾಳಲಾರದೆ ಬ್ಲೀಚಿಂಗ್ ಪೌಡರ್ ಹಾಕಿ ಅದನ್ನು ತಿಕ್ಕಿ ತೊಳೆದಿದ್ದರು, ನಾನು ಆ ಗೋಡೆಯ ಫೋಟೋ ತೆಗೆಯುವ ಮೊದಲೇ.

ಕಪಾಟಿನ ಕೆಳಗಿನ ಖಾನೆಯಲ್ಲಿ ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗ ಪುಸ್ತಕಗಳಿದ್ದವು. ಪುಟಗಳು ಅಂಟಿಕೊಂಡು ಇಟ್ಟಿಗೆಯಂತಾಗಿವೆ. ಹಸ್ತಪ್ರತಿಗಳು ಈ ಪಾಲಿಸಿಯ ಹೊರಗೆ ಎಂದು ಷರತ್ತಿನಲ್ಲೇ ಬರೆದಿದೆ, ಹಾಗಾಗಿ ಕೇಳಲೇ ಇಲ್ಲ.

ಐದರಲ್ಲಿ ಮೂರು ನಕ್ಷತ್ರ. ಮೊದಲ ಸರ್ವೇಯರ್ ಬಚ್ಚಲಿನೊಳಗೆ ಒಮ್ಮೆ ಇಣುಕಿದ್ದರೆ ನಾಲ್ಕು ಕೊಡುತ್ತಿದ್ದೆ. ಈ ಜೂನಿನಲ್ಲಿ ಪಾಲಿಸಿ ನವೀಕರಿಸಿದ್ದೇನೆ, ಪಂಪಿನ ಆಟೋಮ್ಯಾಟಿಕ್ ಸ್ವಿಚ್ಚು ತೆಗೆಸಿದ್ದೇನೆ.