ಪದ ಬಿಡಿಸಿ ವಿಜ್ಞಾನ ಕಲಿಸುವ ನಮ್ಮ ದಾವಣಗೆರೆಯ ಟ್ಯೂಷನ್
ಮಗಳು 7ನೇ ತರಗತಿವರೆಗೆ ಕನ್ನಡ ಮಾಧ್ಯಮ. 8ಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಾಗ ವಿಜ್ಞಾನದ ಪದಗಳಿಗೇ ಹೆದರಿದ್ದಳು. ವಿದ್ಯಾನಗರದಲ್ಲಿ ನಮ್ಮ ಮನೆ ಹತ್ತಿರ ಟ್ಯೂಷನ್ ಹೇಳುವ ಮೇಡಂ ಸುಮ್ನೆ ಬಾಯಿಪಾಠ ಮಾಡಿಸಲಿಲ್ಲ, ಪದ ಬಿಡಿಸಿದರು. ಹೈಡ್ರೋಜನ್ ಪದದಲ್ಲಿ ಹೈಡ್ರೋ ಅಂದರೆ ನೀರು, ಜೆನ್ ಅಂದರೆ ಹುಟ್ಟಿಸುವುದು. ನಮ್ಮ ಜಲಜನಕವೂ ಅದೇ ಅಲ್ವಾ! ಆಕ್ಸಿಜನ್ ಪದದಲ್ಲಿ ಆಕ್ಸಿ ಅಂದರೆ ಹುಳಿ, ಅದಕ್ಕೇ ಆಮ್ಲಜನಕ. ಎಲ್ಲ ಆಮ್ಲದಲ್ಲೂ ಅದು ಇರುತ್ತದೆ ಎಂದು ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೆ ತಪ್ಪಾಗಿ ತಿಳಿದು ಇಟ್ಟ ಹೆಸರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಹೆಸರು ಬರೀ ಸುಳಿವು ಎಂದೂ ಮೇಡಂ ಹೇಳಿಕೊಡುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಒಂದು ಬ್ಯಾಚಿಗೆ 30 ಮಕ್ಕಳು, ಅದು ಮಾತ್ರ ಜಾಸ್ತಿ. ಮೊನ್ನೆ ಬೆಣ್ಣೆದೋಸೆ ತಿನ್ನುತ್ತಾ ಮಗಳು ತಾನೇ ಥರ್ಮಾಮೀಟರ್ ಬಿಡಿಸಿದಳು: ಥರ್ಮೋ ಬಿಸಿ, ಮೀಟರ್ ಅಳತೆ.